ಕೆಳಮುಖವಾಗಿ ಬೆಳೆದ ಊರು ಕೆಜಿಎಫ್

ಕೆಜಿಎಫ್, ಅಂದರೆ ಕೋಲಾರ ಗೋಲ್ಡ್ ಫೀಲ್ಡ್ಸ್‌ನವರು ಎಲ್ಲಿಗೇ ಹೋಗಲಿ, ಊರಿನ ಹೆಸರು ಹೇಳಿದ ಕೂಡಲೇ ಎದುರಿನವರು ಕೇಳುವುದು ಒಂದೇ ಮಾತು: ‘ಅಲ್ಲಿ ಚಿನ್ನವೆಲ್ಲ ಮುಗಿದುಹೋಯಿತಂತೆ, ಹೌದೇ?’ ಮುಗಿದಿಲ್ಲ. ನೆಲದಡಿಯಲ್ಲಿ ಇನ್ನೂ ಚಿನ್ನವಿದೆ. ಆದರೂ 2001ರ ಫೆಬ್ರವರಿ ಕೊನೆಯಲ್ಲಿ ಗಣಿಗೆ ಬೀಗ ಬಿತ್ತು. ಚಿನ್ನವಿದ್ದೂ ಗಣಿ ಏಕೆ ಮುಚ್ಚಿತು ಎಂದು ತಿಳಿಯಹೊರಟರೆ ಊರಿನ ನೂರಿಪ್ಪತ್ತು ವರ್ಷಗಳ ಬದುಕನ್ನೆಲ್ಲ ಕೆದಕಬೇಕಾಗುತ್ತದೆ. ಬೇರೆ ಊರುಗಳು ನಾಲ್ಕು ದಿಕ್ಕಿಗೆ ಬೆಳೆಯುತ್ತವೆ. ಇದು ಕೆಳಕ್ಕೆ ಬೆಳೆದ ಊರು. ಇಲ್ಲಿಗೆ ಕರೆಂಟು ಬಂದದ್ದು, ಜನ ಬಂದದ್ದು, ವಿಜ್ಞಾನಿಗಳು ಬಂದದ್ದು, ಕೊನೆಗೆ ಬಾಗಿಲು ಮುಚ್ಚಿದ್ದು ಎಲ್ಲವೂ ಆ ಆಳದಿಂದಲೇ.

ಬೆಂಗಳೂರಿನಿಂದ ಪೂರ್ವಕ್ಕೆ ಸುಮಾರು 100 ಕಿಲೋಮೀಟರ್. ಚೆನ್ನೈ ಕಡೆಗೆ ಹೋಗುವ ರೈಲುಮಾರ್ಗವನ್ನು ಬಂಗಾರಪೇಟೆಯಲ್ಲಿ ಬಿಟ್ಟು ಕವಲು ಹಳಿ ಹಿಡಿದರೆ ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳು ಒಂದಾದ ಮೇಲೊಂದು ಸಿಗುತ್ತವೆ. ಮಾರಿಕುಪ್ಪಂನಲ್ಲಿ ಹಳಿ ಮುಗಿಯುತ್ತದೆ. ಮುಂದಕ್ಕೆ ಎಲ್ಲಿಗೂ ಹೋಗದ ಈ ಹಳಿಯನ್ನು 19ನೇ ಶತಮಾನದ ಕೊನೆಯಲ್ಲಿ ಹಾಕಿದ್ದು ಗಣಿಗಾಗಿಯೇ. ಇಳಿದು ಸುತ್ತ ನೋಡಿದರೆ ಮೊದಲು ಕಾಣುವುದು ಬೋಳು ದಿಬ್ಬಗಳು. ನಡುನಡುವೆ ಗಣಿಬಾವಿಗಳ ಮೇಲೆ ನಿಂತಿರುವ ತುಕ್ಕು ಹಿಡಿದ ಉಕ್ಕಿನ ಗೋಪುರಗಳು, ಅವುಗಳ ತುದಿಯಲ್ಲಿ ತಿರುಗದ ರಾಟೆಗಳು. ಒಂದು ಕಡೆ ಕೆಂಪು ಹೆಂಚಿನ ಹಳೆಯ ಬಂಗಲೆಗಳು, ಇನ್ನೊಂದು ಕಡೆ ಒಂದಕ್ಕೊಂದು ಗೋಡೆ ಹಂಚಿಕೊಂಡು ಸಾಲುಗಟ್ಟಿದ ಪುಟ್ಟ ಮನೆಗಳು. ಅಂಗಡಿ, ಮಾರುಕಟ್ಟೆಗಳೆಲ್ಲ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳಲ್ಲಿ. 2011ರ ಜನಗಣತಿಯ ಪ್ರಕಾರ ಊರಿನ ಜನಸಂಖ್ಯೆ ಒಂದೂವರೆ ಲಕ್ಷ ದಾಟಿತ್ತು. ಕಣ್ಣಿಗೆ ಕಾಣುವ ಊರು ಇಷ್ಟು. ಕಾಣದ ಊರು ಕೆಳಗಿದೆ: ನೂರಾರು ಕಿಲೋಮೀಟರ್ ಉದ್ದದ ಸುರಂಗಗಳು, ಅಂತಸ್ತಿನ ಕೆಳಗೆ ಅಂತಸ್ತು.

ಈ ಆಳಕ್ಕೆ ಕಾರಣ ಕಲ್ಲಿನಲ್ಲೇ ಇದೆ. ಕೋಲಾರದ ಸೀಮೆಯಲ್ಲಿ ಉತ್ತರ–ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದಕ್ಕೆ ಒಂದು ಕಿರಿದಾದ ಶಿಲಾಪಟ್ಟಿ ಹಾದುಹೋಗಿದೆ. ಸುಮಾರು 270 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಕಾಲಕ್ರಮದಲ್ಲಿ ಒತ್ತಡ, ಶಾಖಗಳಿಗೆ ಸಿಕ್ಕಿ ಮಾರ್ಪಟ್ಟ ಕಪ್ಪು ಕಲ್ಲು ಅದು. ಕೆಜಿಎಫ್ ಪಕ್ಕದ ಪೆದ್ದಪಲ್ಲಿಯಲ್ಲಿ ಆ ಜ್ವಾಲಾಮುಖಿ ಕಾಲದ ಬಂಡೆಗಳನ್ನು ಈಗಲೂ ಮುಟ್ಟಿ ನೋಡಬಹುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಈ ಕಲ್ಲಿನ ಬಿರುಕುಗಳೊಳಗೆ, ನೆಲದಾಳದಿಂದ ಬಂದ ಬಿಸಿನೀರು ತನ್ನಲ್ಲಿ ಕರಗಿದ್ದ ಸಿಲಿಕಾವನ್ನೂ ಲೇಶ ಚಿನ್ನವನ್ನೂ ಬಿಟ್ಟುಹೋಯಿತು. ಸಿಲಿಕಾ ಗಟ್ಟಿಯಾಗಿ ಬೆಣಚುಕಲ್ಲಾಯಿತು, ಚಿನ್ನ ಅದರೊಳಗೆ ಸಿಕ್ಕಿಕೊಂಡಿತು. ಹೀಗಾಗಿ ಕೋಲಾರದ ಚಿನ್ನ ಹೊಲದ ಮೇಲೆ ಗೊಬ್ಬರ ಚೆಲ್ಲಿದಂತೆ ಹರಡಿಕೊಂಡಿಲ್ಲ. ನೆಲದಲ್ಲಿ ನೆಟ್ಟಗೆ ನಿಲ್ಲಿಸಿದ ಕದದ ಹಾಗೆ ಇದೆ: ಉದ್ದ ಕೆಲವು ಕಿಲೋಮೀಟರ್, ದಪ್ಪ ಬಹುಪಾಲು ಕಡೆ ಮೂರು–ನಾಲ್ಕು ಅಡಿ, ಕೆಳಕ್ಕೆ ಮಾತ್ರ ಇಳಿಯುತ್ತಲೇ ಹೋಗುತ್ತದೆ. ಇಂಥ ಕದವನ್ನು ಹಿಡಿದವರಿಗೆ ಕೆಳಗಿಳಿಯದೆ ಬೇರೆ ದಾರಿಯಿಲ್ಲ.

ಇಲ್ಲಿ ಚಿನ್ನವಿದೆ ಎಂಬುದು ಬ್ರಿಟಿಷರ ಶೋಧವೇನೂ ಅಲ್ಲ. 1802ರಲ್ಲಿ, ಟಿಪ್ಪುವಿನ ಪತನದ ನಂತರ ಮೈಸೂರು ಸಂಸ್ಥಾನದ ಗಡಿ ಗುರುತಿಸಲು ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ ಈ ಸೀಮೆಯ ಹಳ್ಳಿಗರ ಬಾಯಿಂದಲೇ ಚಿನ್ನದ ಸುದ್ದಿ ಕೇಳಿದ. ತೋರಿಸಿದವರಿಗೆ ಇನಾಮು ಕೊಡುವುದಾಗಿ ಹೇಳಿದಾಗ ಜನ ಗಾಡಿಗಳಲ್ಲಿ ಮಣ್ಣು ತಂದು ಅವನ ಕಣ್ಣೆದುರೇ ತೊಳೆದು ಚಿನ್ನದ ಪುಡಿ ತೋರಿಸಿದರು. ಮಾರಿಕುಪ್ಪಂ ಬಳಿ ಸ್ಥಳೀಯರೇ ಗುಂಡಿ ತೋಡಿ, ಕಲ್ಲು ಮೇಲೆತ್ತಿ, ಕುಟ್ಟಿ, ತೊಳೆಯುತ್ತಿದ್ದುದನ್ನೂ ಅವನು ಕಂಡು ಬರೆದಿಟ್ಟ. ಕೋಲಾರ, ಅಂದರೆ ಕುವಲಾಲ, ಗಂಗರ ಮೊದಲ ರಾಜಧಾನಿ. ಎಷ್ಟು ತಲೆಮಾರುಗಳಿಂದ ಈ ಕೆಲಸ ನಡೆದಿತ್ತೋ, ಹಳೆಯ ಗುಂಡಿಗಳು ಅಲ್ಲಲ್ಲಿ ಬಾಯ್ದೆರೆದುಕೊಂಡೇ ಇದ್ದವು. ಅವರಿಗೆ ಚಿನ್ನದ ಜಾಡು ಗೊತ್ತಿತ್ತು. ಗುಂಡಿಯಲ್ಲಿ ತುಂಬುವ ನೀರನ್ನು ಹೊರಹಾಕುವ ಪಂಪು, ಗಾಳಿಯಾಡಿಸುವ ಉಪಾಯ ಕೈಯಲ್ಲಿರಲಿಲ್ಲ, ಅಷ್ಟೇ.

ಏಳು ದಶಕಗಳ ಬಳಿಕ ವಾರೆನ್ನನ ಆ ವರದಿ ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕೆಲ್ ಲವೆಲ್ ಎಂಬ ಐರಿಷ್ ನಿವೃತ್ತ ಸೈನಿಕನ ಕೈಗೆ ಬಿತ್ತು. ನ್ಯೂಜಿಲೆಂಡಿನಲ್ಲಿ ಯುದ್ಧ ಮಾಡಿ ಬಂದವನು. ಅಲ್ಲಿನ ಚಿನ್ನದ ಹುಚ್ಚು ಅವನಿಗೂ ತಗಲಿತ್ತು. 1871ರಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಕೋಲಾರದ ಕಡೆ ಹೊರಟ. 1873ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿದ; 1875ರಲ್ಲಿ ಇಪ್ಪತ್ತು ವರ್ಷದ ಗುತ್ತಿಗೆ ಸಿಕ್ಕಿತು. ಆದರೆ ಗಣಿಯೆಂದರೆ ಮೊದಲು ಹಣ ಸುರಿದು ಆಮೇಲೆ ಕಾಯುವ ಕೆಲಸ. ಲವೆಲ್ ಬಳಿ ಅಷ್ಟು ಹಣವಿರಲಿಲ್ಲ. ಕೆಲವೇ ವರ್ಷಗಳಲ್ಲಿ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ಬೆಂಗಳೂರಿನ ಲವೆಲ್ ರಸ್ತೆ ಅವನ ಹೆಸರಿನದೇ. ಆ ರಸ್ತೆಯಲ್ಲಿ ದಿನವೂ ಓಡಾಡುವ ಎಷ್ಟೋ ಮಂದಿಗೆ ಕೆಜಿಎಫ್ ಜೊತೆಗಿನ ನಂಟು ಗೊತ್ತಿರಲಿಕ್ಕಿಲ್ಲ.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಬಂತು. ಆಗಲೂ ಆರಂಭದ ವರ್ಷಗಳು ನಷ್ಟದವೇ. ಷೇರುದಾರರ ಹಣ ಬಹುಪಾಲು ಕರಗಿ, ಗಣಿ ಮುಚ್ಚಿಬಿಡೋಣವೇ ಎಂಬ ಹಂತ ಮುಟ್ಟಿದಾಗ ಕ್ಯಾಪ್ಟನ್ ಪ್ಲಮ್ಮರ್ ಎಂಬ ಗಣಿ ಅಧಿಕಾರಿ ಹಳೆಯವರು ತೋಡಿ ಬಿಟ್ಟಿದ್ದ ಗುಂಡಿಗಳ ಕೆಳಗೇ ಅಗೆಸಿದ. ಅವರು ನಿಲ್ಲಿಸಿದ್ದ ಮಟ್ಟದ ಕೆಳಗೆ ಸಿಕ್ಕಿದ್ದೇ ‘ಚಾಂಪಿಯನ್’ ಎಂದು ಮುಂದೆ ಹೆಸರಾದ ಚಿನ್ನದ ಎಳೆ. ಆಧುನಿಕ ಕೆಜಿಎಫ್ ಹುಟ್ಟಿದ್ದು ಆ ಹೆಸರಿಲ್ಲದ ಹಳ್ಳಿಗರ ಗುರುತಿನ ಮೇಲೆ. ಇದನ್ನು ಒತ್ತಿ ಹೇಳುವುದು ಅಗತ್ಯವೆಂದು ನನಗೆ ಅನ್ನಿಸುತ್ತದೆ, ಏಕೆಂದರೆ ಪೇಟೆಗೆ, ಗಣಿಬಾವಿಗೆ, ರಸ್ತೆಗೆ ಇಟ್ಟಿರುವ ಹೆಸರುಗಳಲ್ಲಿ ಅವರದೊಂದೂ ಇಲ್ಲ.

ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಹೀಗೆ ಗಣಿಗಳು ಒಂದರ ಪಕ್ಕ ಒಂದು ತೆರೆದುಕೊಂಡವು. ಆ ದಿನಗಳಲ್ಲಿ ಒಂದು ಟನ್ ಕಲ್ಲಿಗೆ 40 ಗ್ರಾಂಗೂ ಮೀರಿ ಚಿನ್ನ ಸಿಕ್ಕಿದ ಉದಾಹರಣೆಗಳಿವೆ. ಒಂದು ಟನ್ ಎಂದರೆ ಜೋಡೆತ್ತಿನ ಗಾಡಿಯ ಒಂದು ಭಾರಿ ಹೇರು. ಅಷ್ಟು ಕಲ್ಲನ್ನು ಕುಟ್ಟಿ ಹುಡಿ ಮಾಡಿದರೆ ಸಿಗುವ 40 ಗ್ರಾಂ ಚಿನ್ನ ಮಕ್ಕಳಾಡುವ ಒಂದು ಗೋಲಿಯಷ್ಟು. ಇದನ್ನೇ ಲೋಕವೆಲ್ಲ ಮಹಾ ಸಮೃದ್ಧಿ ಎಂದಿತು. ಗಣಿಯ ಕೊನೆಗಾಲದಲ್ಲಿ ಅದೇ ಗಾಡಿ ಕಲ್ಲಿಗೆ ಸಿಗುತ್ತಿದ್ದುದು ಮೂರು ಗ್ರಾಂಗಿಂತ ಕಡಿಮೆ, ಒಂದು ಕಡಲೆಕಾಳಿನಷ್ಟು. ಈ ಗೋಲಿ ಮತ್ತು ಕಡಲೆಕಾಳನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಕೆಲಸ ನಡೆಯುತ್ತಿದ್ದ ಬಗೆ ಹೀಗೆ. ಮೊದಲು ನೆಟ್ಟನೆಯ ಬಾವಿ, ಅದಕ್ಕೆ ಶಾಫ್ಟ್ ಎನ್ನುತ್ತಾರೆ. ಅದರ ಮೇಲೆ ಗೋಪುರ, ರಾಟೆ, ಪಕ್ಕದ ಮನೆಯಲ್ಲಿ ಹಗ್ಗ ಸುತ್ತುವ ಯಂತ್ರ. ಉಕ್ಕಿನ ಹಗ್ಗಕ್ಕೆ ಕಟ್ಟಿದ ಪಂಜರದಲ್ಲಿ ಕಾರ್ಮಿಕರು ಇಳಿಯುತ್ತಿದ್ದರು. ಒಂದೇ ಹಗ್ಗ ತಳದವರೆಗೆ ಸಾಲದು; ಒಂದು ಮಟ್ಟದಲ್ಲಿ ಇಳಿದು ಸುರಂಗದಲ್ಲಿ ನಡೆದು ಇನ್ನೊಂದು ಶಾಫ್ಟ್ ಹಿಡಿಯಬೇಕು. ಬಾವಿಯಿಂದ ಅಲ್ಲಲ್ಲಿ ಅಡ್ಡಕ್ಕೆ ಸುರಂಗಗಳು. ಎರಡು ಮಟ್ಟಗಳ ನಡುವಿನ ಬೆಣಚುಕಲ್ಲನ್ನು ಕೊರೆದು, ಮದ್ದು ತುಂಬಿ, ಸಿಡಿಸಿ, ತಳ್ಳುಬಂಡಿಗಳಲ್ಲಿ ತುಂಬಿ ಮೇಲಕ್ಕೆ ಕಳಿಸುವುದು. ಮೇಲೆ ಗಿರಣಿಗಳಲ್ಲಿ ಅದನ್ನು ಜಜ್ಜಿ ಹಿಟ್ಟಿನಂತೆ ಮಾಡಿ ಪಾದರಸದೊಂದಿಗೆ ಬೆರೆಸಿದರೆ ಚಿನ್ನ ಪಾದರಸಕ್ಕೆ ಅಂಟುತ್ತದೆ. ಕಾಯಿಸಿದರೆ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತದೆ. ಪಾದರಸಕ್ಕೆ ಸಿಗದೆ ಹೋದ ನುಣುಪಾದ ಚಿನ್ನವನ್ನು ಸೈನೈಡ್ ನೀರಿನಲ್ಲಿ ಕರಗಿಸಿ ಹಿಂಪಡೆಯುವ ವಿಧಾನ 19ನೇ ಶತಮಾನದ ಕೊನೆಗೆ ಬಂತು. ಉಳಿದ ಹಿಟ್ಟು ಮರಳನ್ನು ಊರ ಪಕ್ಕ ಸುರಿದರು. ಮಾರಿಕುಪ್ಪಂನಲ್ಲಿ ಇಳಿದವರಿಗೆ ಮೊದಲು ಕಾಣುವ ಆ ಬೋಳು ದಿಬ್ಬಗಳು ಇವೇ. ಊರವರು ‘ಸೈನೈಡ್ ದಿಬ್ಬ’ ಎಂದೇ ಕರೆಯುತ್ತಾರೆ. ಎಲ್ಲ ಸೇರಿ ಮೂರು ಕೋಟಿ ಟನ್‌ಗೂ ಹೆಚ್ಚಿದೆ.

ಆಳಕ್ಕೆ ಹೋದಷ್ಟೂ ನೀರೆತ್ತಬೇಕು, ಗಾಳಿ ನುಗ್ಗಿಸಬೇಕು, ಕಲ್ಲೆತ್ತಬೇಕು. ಇದಕ್ಕೆಲ್ಲ ಉಗಿಯಂತ್ರ, ಅದಕ್ಕೆ ಸೌದೆ, ಕಲ್ಲಿದ್ದಲು. ಮೈಲುಗಟ್ಟಲೆ ಸುತ್ತಲಿನ ಕಾಡು ಒಲೆಗೆ ಹೋಯಿತು. ಆಗ ಕಣ್ಣು ಬಿದ್ದದ್ದು ಕಾವೇರಿಯ ಮೇಲೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ಜಲವಿದ್ಯುತ್ ಯೋಜನೆಗೆ ಖಾತ್ರಿ ಗಿರಾಕಿಯಾಗಿ ನಿಂತದ್ದೇ ಕೆಜಿಎಫ್ ಗಣಿಗಳು. 1902ರ ಜೂನ್ ಕೊನೆಯಲ್ಲಿ, ಸುಮಾರು 147 ಕಿಲೋಮೀಟರ್ ದೂರದ ಜಲಪಾತದಿಂದ ವಿದ್ಯುತ್ ಇಲ್ಲಿಗೆ ಹರಿಯಿತು. ಆ ಹೊತ್ತಿಗೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ, ಮೂರು ವರ್ಷ ತಡವಾಗಿ. ನಮ್ಮ ರಾಜ್ಯದ ವಿದ್ಯುತ್ ಇತಿಹಾಸ ಹೇಳುವಾಗ ಬೆಂಗಳೂರಿನ ದೀಪವನ್ನು ಹಾಡಿ ಹೊಗಳಿ ಕೆಜಿಎಫ್ ಅನ್ನು ಒಂದು ಸಾಲಿನಲ್ಲಿ ಮುಗಿಸುವುದುಂಟು. ಗಣಿಗಳು ಕೊಳ್ಳುತ್ತೇವೆ ಎನ್ನದಿದ್ದರೆ ಶಿವನಸಮುದ್ರದ ಯೋಜನೆಗೆ ಹಣ ಹೂಡುವ ಧೈರ್ಯ ಸಂಸ್ಥಾನಕ್ಕೆ ಅಷ್ಟು ಬೇಗ ಬರುತ್ತಿರಲಿಲ್ಲ. ಕುಡಿಯುವ ನೀರಿನದೂ ಹೀಗೆಯೇ: ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ಗಣಿ ಊರಿಗೆ ಕೊಳವೆ ಹಾಕಿ ನೀರು ತಂದರು.

ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರ್ ಆಳ ದಾಟಿತು. ಜಗತ್ತಿನ ಅತ್ಯಂತ ಆಳದ ಗಣಿಗಳ ಸಾಲಿನಲ್ಲಿ ಅದರ ಹೆಸರಿತ್ತು. ನಂದಿಬೆಟ್ಟ ಸಮುದ್ರಮಟ್ಟದಿಂದ ಒಂದೂವರೆ ಕಿಲೋಮೀಟರಿಗಿಂತ ಕಡಿಮೆ ಎತ್ತರದ್ದು. ಅಂಥ ಎರಡು ಬೆಟ್ಟಗಳನ್ನು ಒಂದರ ಮೇಲೊಂದು ತಲೆಕೆಳಗಾಗಿ ಇಳಿಸಿದರೂ ತಳ ಮುಟ್ಟುವುದಿಲ್ಲ. ಅಲ್ಲಿ ಬಂಡೆಯ ಬಿಸಿಯೇ 65 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಕೈಯಿಟ್ಟರೆ ಸುಡುವಷ್ಟು. ಮೇಲಿನಿಂದ ತಂಪು ಮಾಡಿದ ಗಾಳಿಯನ್ನು ಕೆಳಕ್ಕೆ ನೂಕದೆ ಮನುಷ್ಯ ಅಲ್ಲಿ ನಿಲ್ಲುವಂತೆಯೇ ಇರಲಿಲ್ಲ. ನೂಕಿದರೂ ಬೆವರು ಆರುತ್ತಿರಲಿಲ್ಲ. ಬೇಸಗೆಯಲ್ಲಿ ಮುಚ್ಚಿದ ಅಡುಗೆಮನೆಯಲ್ಲಿ ನಾಲ್ಕು ಒಲೆ ಹೊತ್ತಿಸಿಕೊಂಡು ಪಾಳಿಯುದ್ದಕ್ಕೂ ಕಲ್ಲು ಕೊರೆದಂತೆ ಎಂದು ಊಹಿಸಿಕೊಳ್ಳಬೇಕು.

ಬಿಸಿಗಿಂತ ದೊಡ್ಡ ಭಯ ಬಂಡೆ ಸಿಡಿತದ್ದು. ಮೂರು ಕಿಲೋಮೀಟರ್ ಕಲ್ಲಿನ ಭಾರ ಹೊತ್ತ ಬಂಡೆ ಬಿಲ್ಲಿನ ಹಾಗೆ ಬಿಗಿದುಕೊಂಡಿರುತ್ತದೆ. ಪಕ್ಕದ ಕಲ್ಲನ್ನು ತೆಗೆದಾಗ ಆ ಭಾರ ಉಳಿದ ಕಲ್ಲಿನ ಮೇಲೆ ಬೀಳುತ್ತದೆ, ತಾಳಲಾರದ ಗಳಿಗೆಯಲ್ಲಿ ಬಂಡೆ ಮದ್ದಿಲ್ಲದೆಯೇ ಸ್ಫೋಟಿಸುತ್ತದೆ. ಕೆಳಗಿದ್ದವರಿಗೆ ಓಡಲು ಪುರುಸೊತ್ತಿಲ್ಲ. ಮೇಲೆ ಊರಿನಲ್ಲಿ ಪಾತ್ರೆಗಳು ಅಲುಗಾಡುತ್ತಿದ್ದವು, ಕೆಲವೊಮ್ಮೆ ಗೋಡೆ ಬಿರುಕು ಬಿಡುತ್ತಿತ್ತು. ಭೂಮಿ ನಡುಗಿದ ಕೂಡಲೇ ಹೆಂಗಸರು ಶಾಫ್ಟ್ ಕಡೆಗೆ ಓಡುತ್ತಿದ್ದರು. ಇದನ್ನು ತಡೆಯಲು ಕೆಜಿಎಫ್ ತನ್ನದೇ ಉಪಾಯ ಕಂಡುಕೊಂಡಿತು. ಕಲ್ಲು ತೆಗೆದ ಖಾಲಿ ಜಾಗಗಳಿಗೆ ಮೊದಲು ಮರದ ತೊಲೆ ಕೊಡುತ್ತಿದ್ದರು, ಅದು ಸಾಲದಾಯಿತು. ಆಮೇಲೆ ಗ್ರಾನೈಟ್ ಕಲ್ಲನ್ನು ಮೇಲಿನಿಂದ ಇಳಿಸಿ, ಕತ್ತಲೆಯಲ್ಲಿ, ಸುಡುವ ಬಿಸಿಯಲ್ಲಿ, ಕಲ್ಲಿಗೆ ಕಲ್ಲು ಕೂಡಿಸಿ ಗೋಡೆ ಕಟ್ಟಿದರು. ಚಿನ್ನದ ಕಲ್ಲು ಮೇಲೆ ಬಂದರೆ ಗ್ರಾನೈಟ್ ಕೆಳಗೆ ಹೋಯಿತು. ನಂತರ ಕಾಂಕ್ರೀಟ್ ಬಂತು. ಬಂಡೆಗಳ ಈ ವರ್ತನೆಯ ಅಧ್ಯಯನ ಇಲ್ಲಿ ಎಷ್ಟು ಗಟ್ಟಿಯಾಗಿ ಬೇರೂರಿತೆಂದರೆ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಹುಟ್ಟಿದ್ದೇ ಕೆಜಿಎಫ್‌ನಲ್ಲಿ. ಅಣೆಕಟ್ಟು, ಸುರಂಗ ಕಟ್ಟುವವರಿಗೆ ಇಂದು ಬೇಕಾಗುವ ಎಷ್ಟೋ ಅರಿವಿನ ಹಿಂದೆ ಇಲ್ಲಿ ಸತ್ತವರಿದ್ದಾರೆ.

ಯಾರು ಇಳಿಯುತ್ತಿದ್ದರು? ಬಹುಪಾಲು ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಯ ತಮಿಳು ಮಾತಾಡುವ ದಲಿತರು. ಬರ ಮತ್ತು ಊರಿನ ಜಮೀನುದಾರರ ಜೀತ ಎರಡರಿಂದಲೂ ತಪ್ಪಿಸಿಕೊಂಡು ಬಂದವರು. ತೆಲುಗರು, ಕನ್ನಡಿಗರು, ಮಲಯಾಳಿಗಳು ಇದ್ದರು; ಕಾವಲಿಗೆ ಪಂಜಾಬಿನಿಂದ ಬಂದವರಿದ್ದರು; ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ತವರದ ಗಣಿಗಾರರು, ಇಟಲಿಯವರು, ಆಂಗ್ಲೋ ಇಂಡಿಯನ್ನರು ಮೇಲ್ವಿಚಾರಣೆಗೆ. 20ನೇ ಶತಮಾನದ ಮೊದಲ ದಶಕಗಳಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಜನ ಇಲ್ಲಿ ದುಡಿಯುತ್ತಿದ್ದರು. ಯುರೋಪಿಯನ್ನರ ಕ್ಲಬ್ಬು, ಗಾಲ್ಫ್ ಮೈದಾನ, ತೋಟವಿರುವ ಬಂಗಲೆಗಳನ್ನು ನೋಡಿದವರು ಇದನ್ನು ‘ಪುಟ್ಟ ಇಂಗ್ಲೆಂಡ್’ ಎಂದರು. ಆ ಹೆಸರು ಇಂದಿಗೂ ಪ್ರವಾಸಿ ಬರಹಗಳಲ್ಲಿ ಓಡಾಡುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಬಂಗಲೆಯಲ್ಲಿದ್ದವರು ಬೆರಳೆಣಿಕೆಯಷ್ಟು, ಊರೆಂದರೆ ಲೈನ್‌ಗಳು, ಅಂದರೆ ಕಾರ್ಮಿಕರ ಸಾಲುಮನೆಗಳು. ಬಿದಿರು ತಟ್ಟಿಯ ಗೋಡೆಗಳಿಂದ ಶುರುವಾದ ಮನೆಗಳು, ಸಾಲಿಗೆ ಒಂದು ನಲ್ಲಿ, ಹೆಚ್ಚೂಕಡಿಮೆ ಒಂದೇ ಕೋಣೆ. ರಾತ್ರಿ ಪಾಳಿ ಮುಗಿಸಿ ಬಂದವರು ಮಲಗಲೆಂದು ಹಗಲಿನಲ್ಲಿ ಹೆಂಡತಿ ಮಕ್ಕಳು ಜಗುಲಿಯಲ್ಲಿ ಕೂರಬೇಕಾದ ಕೋಣೆ. ತಮ್ಮ ತಟ್ಟಿಗೋಡೆಯ ಆಚೆ ನಡೆದ ಸಾವು, ನಾಮಕರಣ, ಜಗಳ ಎಲ್ಲವೂ ಎಲ್ಲರದೂ ಆಗಿಬಿಡುತ್ತಿದ್ದ ಆ ಬದುಕೇ ಈ ಊರಿನ ಒಗ್ಗಟ್ಟನ್ನು ಕಟ್ಟಿತು.

ಆ ಒಗ್ಗಟ್ಟು ಎದ್ದು ನಿಂತದ್ದೂ ಉಂಟು. ಚಿನ್ನ ಕದ್ದಾರೆಂಬ ಅನುಮಾನ ಗಣಿ ಆಡಳಿತಕ್ಕೆ ಸದಾ ಇತ್ತು. ಪಾಳಿ ಮುಗಿಸಿ ಮೇಲೆ ಬಂದವರನ್ನು ತಡಕುತ್ತಿದ್ದರು. 1930ರಲ್ಲಿ ಎಲ್ಲರೂ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂದಾಗ, ‘ನಾವು ಕಳ್ಳರೇ?’ ಎಂದು ಕಾರ್ಮಿಕರು ಸುಮಾರು ಮೂರು ವಾರ ಕೆಲಸ ನಿಲ್ಲಿಸಿದರು. ಹೆಸರಾಂತ ನಾಯಕರಾಗಲಿ ಗಟ್ಟಿಯಾದ ಸಂಘವಾಗಲಿ ಇಲ್ಲದ ಕಾಲದಲ್ಲಿ ನಡೆದ ಮುಷ್ಕರ ಅದು. ಕೂಲಿಗಾಗಿ ಅಲ್ಲ, ಮರ್ಯಾದೆಗಾಗಿ. 1946ರ ದೀರ್ಘ ಹೋರಾಟದಲ್ಲಿ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ತಮಿಳು ದಲಿತ ಚಿಂತಕ ಅಯೋತಿ ದಾಸರ ಬೌದ್ಧ ಸಂಘದ ಶಾಖೆ 20ನೇ ಶತಮಾನದ ಆರಂಭದಲ್ಲೇ ಮಾರಿಕುಪ್ಪಂನಲ್ಲಿ ಹುಟ್ಟಿತ್ತು. ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸುವ ದಶಕಗಳ ಮೊದಲೇ ಇಲ್ಲಿನ ದಲಿತರಲ್ಲಿ ಬುದ್ಧನ ಮಾತು ನಡೆದಿತ್ತು. ಕಮ್ಯುನಿಸ್ಟ್, ರಿಪಬ್ಲಿಕನ್, ಅಣ್ಣಾಡಿಎಂಕೆ ಪಕ್ಷಗಳೆಲ್ಲ ಬೇರೆ ಬೇರೆ ಕಾಲದಲ್ಲಿ ಈ ಕ್ಷೇತ್ರದಿಂದ ನಮ್ಮ ವಿಧಾನಸಭೆಗೆ ಶಾಸಕರನ್ನು ಕಳಿಸಿವೆ. ತಮಿಳು ಹೆಚ್ಚು ಕೇಳಿಸುತ್ತದೆಂಬ ಒಂದೇ ಕಾರಣಕ್ಕೆ ಕೆಜಿಎಫ್ ನಮ್ಮದಲ್ಲ ಎಂಬಂತೆ ಮಾತಾಡುವವರನ್ನು ಕಂಡಾಗ ನನಗೆ ನೋವಾಗುತ್ತದೆ. ಇವರ ಬೆವರಿನ ರಾಯಧನ ವರ್ಷವರ್ಷವೂ ಮೈಸೂರು ಸಂಸ್ಥಾನದ ಬೊಕ್ಕಸ ಸೇರುತ್ತಿತ್ತು. ನಾವು ಹೆಮ್ಮೆ ಪಡುವ ‘ಮಾದರಿ ಸಂಸ್ಥಾನ’ದ ಖರ್ಚಿನಲ್ಲಿ ಅದರ ಪಾಲಿದೆ.

ಬೆಣಚುಕಲ್ಲಿನ ಧೂಳು ಇನ್ನೊಂದು ಬಗೆಯಲ್ಲಿ ಕೊಂದಿತು. ಕೊರೆಯುವಾಗ ಏಳುವ ನುಣುಪು ಧೂಳು ಶ್ವಾಸಕೋಶದಲ್ಲಿ ಕೂತು ಗಾಯವಾಗಿ ಗಟ್ಟಿಯಾಗುತ್ತದೆ. ಸಿಲಿಕೋಸಿಸ್ ಎಂಬ ಈ ರೋಗಕ್ಕೆ ಮದ್ದಿಲ್ಲ. ಬಹುಕಾಲ ಇದನ್ನು ಕ್ಷಯವೆಂದೇ ಬಗೆದಿದ್ದರು. ನೀರು ಹಾಯಿಸಿ ಕೊರೆಯುವ ಪದ್ಧತಿ ಬಂದ ಮೇಲೆ ಧೂಳು ತಗ್ಗಿತು, ಆದರೆ ಅಷ್ಟರಲ್ಲಿ ಎಷ್ಟೋ ಎದೆಗಳು ಕಲ್ಲಾಗಿದ್ದವು.

ಇದೇ ಆಳ ಒಮ್ಮೆ ಈ ಊರಿಗೆ ಬೇರೊಂದು ಕೀರ್ತಿಯನ್ನೂ ತಂದಿತು. ಆಕಾಶದಿಂದ ಸದಾ ಸುರಿಯುವ ವಿಶ್ವಕಿರಣಗಳ ಗದ್ದಲದಲ್ಲಿ ನ್ಯೂಟ್ರಿನೊ ಎಂಬ ಕಣವನ್ನು ಗುರುತಿಸುವುದು ಸಂತೆಯಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ. ನ್ಯೂಟ್ರಿನೊ ಹೆಚ್ಚೂಕಡಿಮೆ ಯಾವ ಕಲ್ಲಿಗೂ ತಡೆಯದೆ ಸಾಗುತ್ತದೆ. ಉಳಿದ ಕಣಗಳನ್ನು ಬಂಡೆ ತಡೆಯುತ್ತದೆ. ಹಾಗಾದರೆ ಸಂತೆಯಿಂದ ದೂರ, ಅಂದರೆ ಕೆಳಕ್ಕೆ ಹೋಗಬೇಕು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1950ರ ದಶಕದಿಂದಲೇ ಇಲ್ಲಿನ ಬೇರೆ ಬೇರೆ ಮಟ್ಟಗಳಲ್ಲಿ ಕಿರಣಗಳನ್ನು ಎಣಿಸುತ್ತಿದ್ದರು. ಅವರಲ್ಲಿ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಒಬ್ಬರು. 1965ರಲ್ಲಿ ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ಜೊತೆಗೂಡಿ ಚಾಂಪಿಯನ್ ರೀಫ್‌ನಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಇಟ್ಟ ಉಪಕರಣಗಳು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಹಿಡಿದವು. ಅದೇ ವರ್ಷ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಇದೇ ಬಗೆಯ ಪ್ರಯೋಗ ನಡೆದು, ಎರಡೂ ಕಡೆ ಜಗತ್ತಿನಲ್ಲೇ ಮೊದಲ ಬಾರಿಗೆ ಅವು ಕಂಡವು. 1980ರ ದಶಕದಲ್ಲಿ ಪ್ರೋಟಾನ್ ಕಣ ತಾನೇ ತಾನಾಗಿ ಒಡೆಯುತ್ತದೆಯೇ ಎಂದು ಕಾದು ನೋಡುವ ಪ್ರಯೋಗವೂ ಇಲ್ಲಿ ನಡೆಯಿತು. ಗಣಿ ಸೊರಗುತ್ತ ಬಂದಂತೆ ವಿಜ್ಞಾನಿಗಳೂ ಗಂಟು ಕಟ್ಟಬೇಕಾಯಿತು.

ಈಗ ಮೊದಲ ಪ್ರಶ್ನೆಗೆ ಬರೋಣ. ಗೋಲಿ ಕಡಲೆಕಾಳಾಯಿತು, ಅದನ್ನು ತರುವ ದಾರಿ ಮಾತ್ರ ನೂರು ಅಡಿಯಿಂದ ಹತ್ತು ಸಾವಿರ ಅಡಿಗೆ ಬೆಳೆಯಿತು. ಪ್ರತಿ ಗ್ರಾಂ ಚಿನ್ನಕ್ಕೂ ಹಿಂದಿಗಿಂತ ಹೆಚ್ಚು ಕಲ್ಲು, ಹೆಚ್ಚು ಗಾಳಿ, ಹೆಚ್ಚು ನೀರೆತ್ತುವಿಕೆ, ಹೆಚ್ಚು ಗೋಡೆ. 1956ರ ಕೊನೆಯಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಶಕ್ಕೆ ತೆಗೆದುಕೊಂಡಾಗಲೇ ಮೇಲಿನ ಕೆನೆಯೆಲ್ಲ ಕಂಪನಿಗಳ ಪಾಲಾಗಿತ್ತು. 1962ರಲ್ಲಿ ಗಣಿಗಳು ಕೇಂದ್ರ ಸರ್ಕಾರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. 1971ರವರೆಗೆ ಜಗತ್ತಿನಲ್ಲಿ ಚಿನ್ನದ ಅಧಿಕೃತ ಬೆಲೆ ಔನ್ಸಿಗೆ (ಸುಮಾರು 31 ಗ್ರಾಂ) 35 ಡಾಲರ್ ಎಂದು ಕಟ್ಟಿಹಾಕಿದ್ದರು. ನಮ್ಮ ಪೇಟೆಯಲ್ಲಿ ಚಿನ್ನ ಅದಕ್ಕಿಂತ ಎಷ್ಟೋ ತುಟ್ಟಿಯಿದ್ದರೂ ಕೆಜಿಎಫ್ ಚಿನ್ನ ಸರ್ಕಾರದ ಖಜಾನೆ ಸೇರುತ್ತಿದ್ದುದು ಆ ಅಧಿಕೃತ ಬೆಲೆಗೆ. ಹಾಗೆ ನೋಡಿದರೆ ಪುಸ್ತಕದಲ್ಲಿ ಬರೆದ ನಷ್ಟದಲ್ಲಿ ಗಣಿ ಕಾರ್ಮಿಕರದಲ್ಲದ ಪಾಲು ಸಾಕಷ್ಟಿತ್ತು. ಹೊಸ ಎಳೆ ಹುಡುಕಲು, ಹೊಸ ಯಂತ್ರ ತರಲು ಹಣ ಹೂಡಬೇಕಾದ ವರ್ಷಗಳಲ್ಲಿ ಹೂಡಲಿಲ್ಲ. ರೋಗಗ್ರಸ್ತ ಕಂಪನಿ ಎಂಬ ಹಣೆಪಟ್ಟಿ ಬಿತ್ತು.

ಮುಚ್ಚಿದ ಹೊತ್ತನ್ನು ಗಮನಿಸಬೇಕು. 1999ರಿಂದ 2001ರ ನಡುವೆ ಚಿನ್ನದ ಬೆಲೆ ಔನ್ಸಿಗೆ 250ರಿಂದ 300 ಡಾಲರ್ ಆಸುಪಾಸಿನಲ್ಲಿ, ಎರಡು ದಶಕಗಳಲ್ಲೇ ತಳ ಕಂಡಿತ್ತು. ಆ ತಳದಲ್ಲೇ ಲೆಕ್ಕ ಹಾಕಿ ಬಾಗಿಲು ಹಾಕಿದರು. ಹತ್ತು ವರ್ಷದಲ್ಲಿ ಬೆಲೆ 1,800 ಡಾಲರ್ ದಾಟಿತು. ತೆರೆದಿದ್ದರೆ ಲಾಭವಾಗುತ್ತಿತ್ತೆಂದು ಖಚಿತವಾಗಿ ಹೇಳಲಾಗದು. ಆಳ ಆಗಲೂ ಆಳವೇ. ಆದರೆ ಒಮ್ಮೆ ಪಂಪು ನಿಲ್ಲಿಸಿದ ಗಣಿ ಅಂಗಡಿಯಂತೆ ಅಲ್ಲ, ಬೇಕಾದಾಗ ಬೀಗ ತೆಗೆಯಲು ಬರುವುದಿಲ್ಲ. ನೀರು ಮಟ್ಟದಿಂದ ಮಟ್ಟಕ್ಕೆ ಏರಿತು, ಸುರಂಗಗಳು ಮುಳುಗಿದವು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ರಾಜ್ಯ ಸರ್ಕಾರದ ಚಿನ್ನದ ಗಣಿ ಇಂದಿಗೂ ನಡೆಯುತ್ತಿದೆ.

ಮುಚ್ಚಿದಾಗ ಉಳಿದಿದ್ದ ಮೂರು–ನಾಲ್ಕು ಸಾವಿರ ಕಾರ್ಮಿಕರಿಗೆ ಪರಿಹಾರದ ಮಾತು ಬಂತು, ವ್ಯಾಜ್ಯ ಬಂತು. 1964ರಲ್ಲಿ ಹುಟ್ಟಿದ ಬಿಇಎಂಎಲ್ ಕಾರ್ಖಾನೆ ಇಲ್ಲಿದೆ, ಆದರೆ ಅದೊಂದೇ ಇಡೀ ಊರನ್ನು ಹೊರಲಾರದು. ಹಾಗಾಗಿ ನಸುಕಿನಲ್ಲೇ ಮಾರಿಕುಪ್ಪಂನಿಂದ ಹೊರಡುವ ರೈಲುಗಳು ತುಂಬಿರುತ್ತವೆ. ಬುತ್ತಿ ಚೀಲ ತೊಡೆಯ ಮೇಲಿಟ್ಟುಕೊಂಡು, ಕಿಟಕಿಗೆ ತಲೆಯಾನಿಸಿ ನಿದ್ದೆಹೋಗುವ ಜನ ಬೆಂಗಳೂರಿನ ಕಚೇರಿ, ಕಾರ್ಖಾನೆ, ಅಂಗಡಿ, ಕಟ್ಟಡಗಳಿಗೆ ಹಂಚಿಹೋಗುತ್ತಾರೆ; ಮರಳುವುದು ಕತ್ತಲಾದ ಮೇಲೆ. ಚಿನ್ನದ ಕಾವಲಿನ ಕಾಲದಿಂದ ಬಂದ ಪ್ರತ್ಯೇಕ ಪೊಲೀಸ್ ಜಿಲ್ಲೆ ಇಂದಿಗೂ ಕೆಜಿಎಫ್‌ಗಿದೆ, ಕಾವಲಿಗಿದ್ದ ಚಿನ್ನವಿಲ್ಲ. ಆಷಾಢದ ಗಾಳಿಗೆ ಸೈನೈಡ್ ದಿಬ್ಬಗಳ ಧೂಳು ಎದ್ದು ಮನೆಮನೆಯ ಪಾತ್ರೆ, ಹಾಸಿಗೆ, ಒಣಹಾಕಿದ ಬಟ್ಟೆಗಳ ಮೇಲೆ ಕೂರುತ್ತದೆ. ಆ ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ತೆಗೆಯುವ ಯೋಜನೆಗಳ ಸುದ್ದಿ ಆಗಾಗ ಬರುತ್ತದೆ; ಧೂಳಿನ ಸುದ್ದಿ ಅಷ್ಟಾಗಿ ಬರುವುದಿಲ್ಲ.

ನೂರಿಪ್ಪತ್ತು ವರ್ಷಗಳಲ್ಲಿ ಕೆಜಿಎಫ್ ಕೊಟ್ಟ ಒಟ್ಟು ಚಿನ್ನ ಸುಮಾರು 800 ಟನ್. ಚಿನ್ನ ಭಾರವಾದ ಲೋಹ, ಹೆಚ್ಚು ಜಾಗ ಬೇಡುವುದಿಲ್ಲ. ಅಷ್ಟನ್ನೂ ಕರಗಿಸಿ ಒಂದೇ ಅಚ್ಚಿಗೆ ಎರೆದರೆ ಉದ್ದ, ಅಗಲ, ಎತ್ತರ ಹನ್ನೊಂದೂವರೆ ಅಡಿಯ ಒಂದು ಗಟ್ಟಿಯಾಗುತ್ತದೆ. ಲೈನ್ ಮನೆಯ ಒಂದು ಕೋಣೆಯ ಅಳತೆಯೂ ಹೆಚ್ಚೂಕಡಿಮೆ ಅಷ್ಟೇ. ಅಂಥ ಕೋಣೆಗಳಲ್ಲಿ ಮೂರು–ನಾಲ್ಕು ತಲೆಮಾರು ಕಳೆದ ಕುಟುಂಬಗಳು, ಗಣಿ ಮುಚ್ಚಿದ ಮೇಲೆ, ತಾವಿರುವ ಆ ಮನೆಯ ಹಕ್ಕುಪತ್ರವನ್ನು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಅರ್ಜಿ ಹಿಡಿದು ವರ್ಷಗಟ್ಟಲೆ ಕಚೇರಿಗಳಿಗೆ ಅಲೆದಿವೆ.